ಕಡಲ ತಳದ ಪಾಲು: ತಮ್ಮನ ಮಗಳಿಗೆ ಬರೆದ ಪತ್ರ

ಚಿ|| ಸ್ಮಿತಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಕಡಲ ತೈಲದ ಆದಾಯದಲ್ಲಿ ಕರಾವಳಿಗೆ ಪಾಲು ಕೇಳುವ ನಿನ್ನ ಟಿಪ್ಪಣಿಯ ಕರಡು ತಲುಪಿತು, ಓದಿದೆ. ಕಚೇರಿ ಸೇರಿ ವರ್ಷ ತುಂಬುವ ಮೊದಲೇ ಹಿರಿಯ ವಕೀಲರು ಇಂಥ ವಿಷಯ ನಿನಗೆ ಒಪ್ಪಿಸಿದ್ದಾರಲ್ಲ, ಮನೆಮಂದಿಗೆಲ್ಲ ಖುಷಿ. ಆದರೆ ಮೊದಲ ಸಾಲಿನಲ್ಲೇ ನೀನು ಎಡವಿದ್ದೀಯ. "ಕರಾವಳಿ ರಾಜ್ಯದ ಕಡಲಲ್ಲಿ ಸಿಗುವ ತೈಲ ಆ ರಾಜ್ಯದ ಸ್ವತ್ತು" ಎಂದಿದ್ದೀಯ. ಆ ಸಾಲು ತೆಗೆದುಬಿಡು. ಎದುರಿನವರು ಸಂವಿಧಾನದ 297ನೇ ವಿಧಿ ತೆರೆದಿಟ್ಟರೆ ನಿನ್ನ ಉಳಿದ ಪುಟಗಳನ್ನು ಯಾರೂ ತಿರುವುವುದಿಲ್ಲ.

ಆ ವಿಧಿ ಬೆಳೆದ ಬಗೆ ನೋಡು. 1950ರಲ್ಲಿ ಅದು ಪ್ರಾದೇಶಿಕ ಜಲದ, ಅಂದರೆ ದಡಕ್ಕೆ ಹತ್ತಿರದ ಕಡಲಿನ, ತಳವನ್ನಷ್ಟೇ ಕೇಂದ್ರಕ್ಕೆ ಕೊಟ್ಟಿತ್ತು. 1963ರ ತಿದ್ದುಪಡಿಯಲ್ಲಿ ಭೂಖಂಡದ ಅಂಚು, ಅಂದರೆ ನೆಲದ ಮುಂದುವರಿಕೆಯಾಗಿ ಕಡಲಡಿ ಚಾಚಿದ ತಳ, ಸೇರಿತು. 1974ರಲ್ಲಿ 'ಸಾಗರ್ ಸಾಮ್ರಾಟ್' ಎಂಬ ತೈಲ ಕೊರೆಯುವ ರಿಗ್ ಮುಂಬೈ ಎದುರಿನ ಕಡಲ ಪ್ರದೇಶವಾದ ಬಾಂಬೆ ಹೈನಲ್ಲಿ ತೈಲ ಕಂಡುಹಿಡಿಯಿತು. 1976ರಲ್ಲಿ ಅಲ್ಲಿ ಉತ್ಪಾದನೆ ಶುರುವಾಯಿತು, ಅದೇ ವರ್ಷ 40ನೇ ತಿದ್ದುಪಡಿಯ ಮೂಲಕ 200 ನಾಟಿಕಲ್ ಮೈಲಿಯ ಆರ್ಥಿಕ ವಲಯದ ಸಂಪತ್ತೆಲ್ಲ ಕೇಂದ್ರದ್ದಾಯಿತು. ಇನ್ನೊಂದು ಸಂಗತಿ ಗಮನಿಸು: ದಡದಿಂದ 12 ನಾಟಿಕಲ್ ಮೈಲಿಯವರೆಗೆ ಮೀನುಗಾರಿಕೆ ರಾಜ್ಯ ಪಟ್ಟಿಯ ವಿಷಯ. ಹಾಗಾಗಿಯೇ ನಮ್ಮಲ್ಲಿ 1986ರ ಕರ್ನಾಟಕ ಸಾಗರ ಮೀನುಗಾರಿಕೆ ಕಾಯ್ದೆ ಇದೆ. ನೀರಲ್ಲಿ ಈಜುವ ಬಂಗುಡೆಯ ವಿಚಾರ ಬೆಂಗಳೂರಿನದು, ಅದರ ಕೆಳಗಿನ ಮಣ್ಣಿನ ವಿಚಾರ ದಿಲ್ಲಿಯದು. ನಿನ್ನ ವಾದ ಇಲ್ಲಿಂದ ಹೊರಡಬೇಕು. ತಳ ಯಾರದ್ದಾದರೂ ಆಗಲಿ, ಅಲ್ಲಿ ನಡೆಯುವ ಕೆಲಸದ ಪರಿಣಾಮ ಬೀಳುವುದು ರಾಜ್ಯದ ಹೊಣೆಯಲ್ಲಿರುವ ಕಸುಬಿನ ಮೇಲೆ.

ಹಣದ ಲೆಕ್ಕವನ್ನು ನೀನು ಒಂದೇ ಪ್ಯಾರಾದಲ್ಲಿ ಮುಗಿಸಿದ್ದೀಯ. ಅದು ಸಾಲದು. ನೆಲದ ಮೇಲೆ ತೆಗೆದ ತೈಲಕ್ಕೆ ಕಂಪನಿಗಳು ಕೊಡುವ ರಾಯಲ್ಟಿ ಅಸ್ಸಾಂ, ಗುಜರಾತ್, ರಾಜಸ್ಥಾನದಂಥ ರಾಜ್ಯಗಳಿಗೆ ಹೋಗುತ್ತದೆ, ಕಡಲಿನದು ಪೂರ್ತಿ ಕೇಂದ್ರಕ್ಕೆ. ಹೋಗಲಿ, ಹಣಕಾಸು ಆಯೋಗದ ಮೂಲಕವಾದರೂ ರಾಜ್ಯಗಳಿಗೆ ಮರಳುತ್ತದೆಯೇ ಎಂದರೆ ಅದೂ ಇಲ್ಲ. 15ನೇ ಆಯೋಗ ಹೇಳಿದ ಶೇ. 41 ಪಾಲು ತೆರಿಗೆಗಳಿಗೆ ಮಾತ್ರ ಸಲ್ಲುತ್ತದೆ. ರಾಯಲ್ಟಿ ತೆರಿಗೆಯಲ್ಲ. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖನಿಜಗಳ ಪ್ರಕರಣದಲ್ಲಿ ಇದನ್ನೇ ಹೇಳಿತು, ನಮ್ಮ ನ್ಯಾಯಮೂರ್ತಿ ನಾಗರತ್ನ ಒಬ್ಬರೇ ಭಿನ್ನ ತೀರ್ಪು ಬರೆದರು. ಹಾಗಾಗಿ ಖನಿಜದ ಮೇಲೆ ತಾವೂ ತೆರಿಗೆ ಹಾಕಬಹುದೆಂದು ಗಣಿ ರಾಜ್ಯಗಳು ಆ ತೀರ್ಪನ್ನು ಗೆಲುವೆಂದು ಸಂಭ್ರಮಿಸಿದವು. ಕರಾವಳಿಯವರಿಗೆ ಅದರಲ್ಲಿ ಸಂಭ್ರಮಿಸುವಂಥದ್ದೇನೂ ಇಲ್ಲ. ಕಚ್ಚಾ ತೈಲದ ಮೇಲೆ 1974ರ ಕಾಯ್ದೆಯಡಿ ವಸೂಲಾಗುವ ಸೆಸ್ ಕೂಡ ಹಂಚಿಕೆಯ ಹೊರಗೇ.

ಬಾಂಬೆ ಹೈನಲ್ಲಿ ನೌಕರಿಯಲ್ಲಿದ್ದಾಗ ನಾನು ಕಂಡದ್ದನ್ನು ಇಲ್ಲಿ ಬರೆಯುತ್ತೇನೆ, ನಿನ್ನ ಟಿಪ್ಪಣಿಯಲ್ಲಿ ಇಂಥದ್ದೊಂದೂ ಇಲ್ಲ. ಪ್ಲಾಟ್‌ಫಾರ್ಮಿನ ಉಕ್ಕಿನ ಕಾಲುಗಳಿಗೆ ಪಾಚಿ, ಚಿಪ್ಪು ದಪ್ಪಗೆ ಹತ್ತಿಕೊಳ್ಳುತ್ತವೆ. ಅವನ್ನು ತಿನ್ನಲು ಸಣ್ಣ ಮೀನು ಬರುತ್ತದೆ, ಸಣ್ಣದರ ಹಿಂದೆ ದೊಡ್ಡದು. ರಾತ್ರಿ ಅನಿಲ ಸುಡುವ ಫ್ಲೇರಿನ ಬೆಂಕಿ ಬೆಳಕಿಗೆ ನೀರೆಲ್ಲ ಕೆಂಪಾಗಿ, ಕೈಗಂಬಿಗೆ ಒರಗಿ ನಿಂತರೆ ಮೀನಿನ ಹಿಂಡು ಹೊರಳುವುದು ಕಾಣುತ್ತಿತ್ತು. ಮೀನಿದ್ದಲ್ಲಿ ದೋಣಿ ಬಂದೇ ಬರುತ್ತದೆ. ಸುತ್ತ 500 ಮೀಟರ್ ಸುರಕ್ಷತಾ ವಲಯ, ಒಳಗೆ ಬರುವಂತಿಲ್ಲ. ಕಾವಲು ಹಡಗಿನವರು ಧ್ವನಿವರ್ಧಕದಲ್ಲಿ ಕೂಗಿ ಓಡಿಸುತ್ತಿದ್ದರು. ಒಮ್ಮೆ ಹಾಗೆ ತಿರುಗುವ ಗಡಿಬಿಡಿಯಲ್ಲಿ ಒಂದು ದೋಣಿಯ ಬಲೆ ನೀರೊಳಗೇ ಉಳಿಯಿತು. ದೋಣಿ ನಡೆಸುವ ತಾಂಡೇಲ ತುಂಡಾದ ಹಗ್ಗವನ್ನು ಮೇಲೆತ್ತಿ ನಮ್ಮ ಕಡೆ ತೋರಿಸುತ್ತಲೇ ಇದ್ದ. ಆ ನಿಯಮ ಬೇಕು. 2005ರ ಜುಲೈನಲ್ಲಿ ಒಂದು ಹಡಗು ಪ್ಲಾಟ್‌ಫಾರ್ಮಿನ ಅನಿಲ ಕೊಳವೆಗೆ ಬಡಿದು ಹೊತ್ತಿದ ಬೆಂಕಿಯಲ್ಲಿ 22 ಜನ ಸತ್ತರು. ಆದರೆ ಬಲೆ ಕಳಕೊಂಡವನಿಗೆ ಯಾರು, ಯಾವ ನಿಧಿಯಿಂದ ಕೊಡಬೇಕು ಎಂಬುದಕ್ಕೆ ಉತ್ತರ ನನ್ನ ನೌಕರಿ ಮುಗಿಯುವವರೆಗೂ ಯಾರಿಂದಲೂ ಸಿಗಲಿಲ್ಲ. ನಿನ್ನ ಕೆಲಸ ಆ ನಿಧಿಯನ್ನು ಕೇಳುವುದು.

ಕೇಳಲು ದಾರಿಯಿದೆ ಮಗಳೇ, ದಿಲ್ಲಿಯವರೇ ಮಾಡಿಟ್ಟದ್ದು. ಕಡಲೊಳಗಿನ ಮರಳು, ಸುಣ್ಣದ ಕೆಸರು ಮೊದಲಾದ ಖನಿಜಗಳಿಗೆ 2002ರ ಕಾಯ್ದೆ ಇದೆ, ತೈಲ ಮತ್ತು ಅನಿಲ ಅದರ ಹೊರಗೆ. 2023ರಲ್ಲಿ ಅದಕ್ಕೆ ತಿದ್ದುಪಡಿ ತಂದು ಒಂದು ಟ್ರಸ್ಟ್ ಸ್ಥಾಪಿಸಲು ಅವಕಾಶ ಮಾಡಿದರು. ಗಣಿ ಗುತ್ತಿಗೆ ಪಡೆದವರು ರಾಯಲ್ಟಿಯ ಮೂರನೇ ಒಂದು ಭಾಗ ಮೀರದಷ್ಟು ಹಣವನ್ನು ಹೆಚ್ಚುವರಿಯಾಗಿ ಅದಕ್ಕೆ ತುಂಬಬೇಕು. ಶೋಧನೆಯಿಂದಾಗಲಿ ಉತ್ಪಾದನೆಯಿಂದಾಗಲಿ ಬಾಧಿತರಾದವರ ಹಿತಕ್ಕೆ, ಕಡಲಿನ ಅವಘಡಗಳ ಪರಿಹಾರಕ್ಕೆ ಅದನ್ನು ಬಳಸಬೇಕು. ಅಂದಮೇಲೆ ದಡದ ಜನ ಬಾಧಿತರಾಗುತ್ತಾರೆ ಎಂದು ಸಂಸತ್ತೇ ಒಪ್ಪಿದಂತಾಯಿತು. ಮರಳಿಗೆ ಒಪ್ಪಿದ್ದನ್ನು ತೈಲಕ್ಕೆ ಏಕೆ ಒಪ್ಪಬಾರದು? ಈ ಒಂದು ಪ್ರಶ್ನೆಯ ಮೇಲೆ ಇಡೀ ಟಿಪ್ಪಣಿ ನಿಲ್ಲಿಸು. ಆದರೆ ಆ ಟ್ರಸ್ಟ್ ಇರುವುದು ಕೇಂದ್ರದ ಕೈಯಲ್ಲಿ. ಕೊಲ್ಲಂ ಎದುರಿನ ಮರಳು ಗಣಿಗಾರಿಕೆಯ ವಿರುದ್ಧ 2025ರಲ್ಲಿ ಕೇರಳ ವಿಧಾನಸಭೆ ನಿರ್ಣಯ ಮಾಡಿದ್ದನ್ನು ಓದು, ರಾಜ್ಯಗಳ ಅಸಮಾಧಾನ ಏನೆಂದು ತಿಳಿಯುತ್ತದೆ. ಹಣ ಕರಾವಳಿ ಜಿಲ್ಲೆಗೇ ಬರಬೇಕು. ಅದಕ್ಕೆ ಮಾದರಿ ನಮ್ಮ ಬಳ್ಳಾರಿಯಲ್ಲೇ ಇದೆ. 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಹಳೆಯ ಗುತ್ತಿಗೆಗಳಿಂದ ರಾಯಲ್ಟಿಯ ಶೇ. 30ರಷ್ಟು, ಹರಾಜಾದವುಗಳಿಂದ ಶೇ. 10ರಷ್ಟು ಹಣ ಸೇರುತ್ತದೆ.

ಇಲ್ಲಿ ಎಚ್ಚರ ತಪ್ಪಬೇಡ. 2016ರ ತೈಲ ನೀತಿಯಂತೆ ಆಳ ಸಮುದ್ರದಲ್ಲಿ ಮೊದಲ ಏಳು ವರ್ಷ ರಾಯಲ್ಟಿಯೇ ಇಲ್ಲ, ಆಮೇಲೆ ಶೇ. 5, ಅತಿ ಆಳದಲ್ಲಿ ಶೇ. 2. ಕಡಿಮೆ ಆಳದಲ್ಲಿ ಶೇ. 7.5. ರಾಯಲ್ಟಿಯಲ್ಲಿ ಪಾಲು ಎಂದಷ್ಟೇ ಬರೆದರೆ ಏಳು ವರ್ಷ ಬರಿಗೈ. ಮೀನುಗಾರನ ತೊಂದರೆ ಶುರುವಾಗುವುದು ಅದಕ್ಕೂ ಎಷ್ಟೋ ಮೊದಲು, ತೈಲ ಹುಡುಕಲು ಕಡಲ ತಳಕ್ಕೆ ಶಬ್ದದ ಅಲೆ ಬಿಡುವ ಭೂಕಂಪನ (ಸೀಸ್ಮಿಕ್) ಸಮೀಕ್ಷೆಯ ಹಡಗು ಕಿಲೋಮೀಟರುಗಟ್ಟಲೆ ಕೇಬಲ್ ಎಳೆದುಕೊಂಡು ಬಂದು ಬಲೆ ತೆಗೆಯಿರಿ ಎನ್ನುವ ದಿನದಿಂದ. ಆದ್ದರಿಂದ ಸಮೀಕ್ಷೆಯ ಹಂತದಲ್ಲೇ, ಶೋಧನೆಗೆ ಕೊಟ್ಟ ಕಡಲ ತುಂಡಿನ, ಅಂದರೆ ಬ್ಲಾಕಿನ, ಚದರ ಕಿಲೋಮೀಟರ್ ಲೆಕ್ಕದಲ್ಲಿ ಒಂದು ಶುಲ್ಕ ಕೇಳು. ಯಾವ ಬ್ಲಾಕು ಯಾವ ರಾಜ್ಯದ ಎದುರಿಗಿದೆ ಎಂದು ಗೊಂದಲ ಎಬ್ಬಿಸಿದರೆ ಅಂತರರಾಜ್ಯ ವ್ಯವಹಾರದ ತೆರಿಗೆಯಾದ ಐಜಿಎಸ್‌ಟಿ ಕಾಯ್ದೆಯ 9ನೇ ಸೆಕ್ಷನ್ ತೋರಿಸು. ಪ್ರಾದೇಶಿಕ ಜಲದಲ್ಲಿ ನಡೆಯುವ ವ್ಯವಹಾರವನ್ನು ಅತಿ ಹತ್ತಿರದ ಕರಾವಳಿ ರಾಜ್ಯದ ಲೆಕ್ಕಕ್ಕೆ ಹಾಕುವ ಅಳತೆ ಅಲ್ಲಿ ಸಿದ್ಧವಾಗಿದೆ. ಅದನ್ನೇ ಆಚೆಗೂ ಎಳೆಯಬಹುದು.

ಅಮೆರಿಕದ ಉದಾಹರಣೆಯನ್ನು ನೀನು ಬಹಳ ಹೊಗಳಿದ್ದೀಯ. ಇರಲಿ, ಆದರೆ ಪೂರ್ತಿ ಹೇಳು. ಅಲ್ಲಿನ 2006ರ ಕಾಯ್ದೆ ಲೂಸಿಯಾನಾ, ಟೆಕ್ಸಾಸ್, ಮಿಸಿಸಿಪ್ಪಿ, ಅಲಬಾಮಾ ರಾಜ್ಯಗಳಿಗೆ ಕಡಲ ತೈಲದ ಆದಾಯದಲ್ಲಿ ಶೇ. 37.5 ಪಾಲು ಕೊಟ್ಟಿತು, ನಿಜ. ದೊಡ್ಡ ಮೊತ್ತ ಹರಿಯತೊಡಗಿದ್ದು ಹತ್ತು ವರ್ಷದ ಮೇಲೆ, ಅದೂ ವಾರ್ಷಿಕ ಮಿತಿಯೊಂದಿಗೆ. ಅಷ್ಟರಲ್ಲಿ ಲೂಸಿಯಾನಾ 1930ರ ದಶಕದಿಂದೀಚೆಗೆ ಸುಮಾರು 5,000 ಚದರ ಕಿ.ಮೀ. ನೆಲವನ್ನು ಕಡಲಿಗೆ ಕಳಕೊಂಡಿತ್ತು. ತೈಲಕ್ಕಾಗಿ ಜವುಗಿನಲ್ಲಿ ಕೊರೆದ ಕಾಲುವೆಗಳೂ ಅದಕ್ಕೊಂದು ಕಾರಣ. ಆ ರಾಜ್ಯದಿಂದ ನಾವು ಕಲಿಯಬೇಕಾದದ್ದು ಬೇರೆ: ಬಂದ ಹಣ ಕರಾವಳಿಯ ರಕ್ಷಣೆಗೇ ಹೋಗಬೇಕೆಂದು ಅವರು ತಮ್ಮ ಸಂವಿಧಾನದಲ್ಲೇ ಬರೆದುಕೊಂಡರು. ಬೆಂಗಳೂರಿನ ಖಜಾನೆ ಸೇರಿದ ಹಣ ಮಲ್ಪೆಗೆ, ತದಡಿಗೆ, ಬೈತಖೋಲಕ್ಕೆ ತಾನಾಗಿ ಬರುತ್ತದೆಂದು ನನಗೆ ನಂಬಿಕೆಯಿಲ್ಲ. ದಿಲ್ಲಿಯಿಂದ ಕೇಳುವಷ್ಟೇ ಗಟ್ಟಿಯಾಗಿ ರಾಜ್ಯವನ್ನೂ ಕೇಳು.

ನಮ್ಮ ಎದುರಿನ ಕೇರಳ-ಕೊಂಕಣ ಬೇಸಿನ್ ಎಂಬ ತೈಲ ಶೋಧನೆಯ ಕಡಲ ಪ್ರದೇಶದಲ್ಲಿ ವಾಣಿಜ್ಯ ಉತ್ಪಾದನೆ ಇಲ್ಲ, ಹಾಗಿರುವಾಗ ಕರ್ನಾಟಕಕ್ಕೇಕೆ ಈ ಚರ್ಚೆ ಎಂದು ನಿನ್ನ ಸಹೋದ್ಯೋಗಿ ಕೇಳಿದನಂತೆ. ತೈಲ ಸಿಗುವ ಮೊದಲೇ ನಿಯಮ ಆಗಬೇಕು, ಸಿಕ್ಕಮೇಲೆ ಯಾರೂ ಬಿಟ್ಟುಕೊಡುವುದಿಲ್ಲ. ಹಿಂದೆ ನಿಷಿದ್ಧವಾಗಿದ್ದ ಕಡಲ ಪ್ರದೇಶದ ಬಹುಪಾಲನ್ನು 2022ರಲ್ಲಿ ಶೋಧನೆಗೆ ತೆರೆದಿದ್ದಾರೆ. ಪಾದೂರು ಮತ್ತು ಮಂಗಳೂರಿನ ಕಲ್ಲು ಗುಹೆಗಳ ತೈಲ ಸಂಗ್ರಹವನ್ನು ಮಾತ್ರ ಈ ಟಿಪ್ಪಣಿಗೆ ಬೆರೆಸಬೇಡ. ಅದರ ಅಪಾಯ ನಿಜ, ಆದರೆ ಅದು ಆಮದಾದ ತೈಲ, ಕಾನೂನು ಬೇರೆ. ಎರಡನ್ನೂ ಕಲಸಿದರೆ ಎರಡೂ ಸೋಲುತ್ತವೆ.

ಜೂನ್, ಜುಲೈಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳೆಲ್ಲ ದಡದಲ್ಲಿರುತ್ತವೆ, ಬಲೆ ಹೆಣೆಯುತ್ತ ಕೂತವರಿಗೆ ಮಾತಾಡಲು ಪುರುಸೊತ್ತೂ ಇರುತ್ತದೆ. ಆಗ ಊರಿಗೆ ಬಾ, ಮಲ್ಪೆ ಬಂದರಿಗೆ ಹೋಗೋಣ. ಮಹಾರಾಷ್ಟ್ರದ ಕಡೆ ಆಳ ಸಮುದ್ರಕ್ಕೆ ಹೋಗಿಬರುವ ತಾಂಡೇಲರ ಮಾತು ಬರೆದುಕೊಂಡು, ಅವರ ಒಪ್ಪಿಗೆಯಿದ್ದರೆ ಪ್ರಮಾಣಪತ್ರವಾಗಿಯೇ ಲಗತ್ತಿಸು. ಅಲ್ಲಿಯವರೆಗೆ ಕರಡನ್ನು ಹಿರಿಯರ ಕೈಗೆ ಕೊಡಬೇಡ. ತಿದ್ದಿದ ಪ್ರತಿ ನನಗೊಮ್ಮೆ ಕಳಿಸು, ಅಕ್ಷರ ಸ್ವಲ್ಪ ದೊಡ್ಡದಿರಲಿ.

ಇಂತಿ,
ನಿನ್ನ ದೊಡ್ಡಪ್ಪ