ಮೂರು ಕಾರ್ಡ್‌ ಎಂದು ಅಂಕ ಕಡಿಯಬೇಡಿ

ಮಾನ್ಯ ಸಂಪಾದಕರೆ,

ಕೊಡಗಿನ ಕಾಲೇಜು ಉತ್ಸವಗಳಲ್ಲಿ ವೇಗದ, ಅಬ್ಬರದ ರಾಕ್ ಸಂಗೀತವಾದ ಪಾಪ್‌ಪಂಕ್ ನುಡಿಸುವ ತಂಡಗಳಿಗೆ ‘ಮೂರೇ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ), ಮಿಕ್ಕಿದ್ದು ಕಿರುಚಾಟ’ ಎಂದು ತೀರ್ಪುಗಾರರು ಅಂಕ ಕಡಿಯುವುದುಂಟು. ದಸರಾ ಮಂಟಪಗಳ ಸದ್ದಿಗೆ ಒಗ್ಗಿದ ಊರಿನಲ್ಲಿ ಈ ಆಕ್ಷೇಪ ತುಸು ತಮಾಷೆಯೇ!

ಹುಡುಗರು ಹೆಚ್ಚಾಗಿ ಎತ್ತಿಕೊಳ್ಳುವುದು ಅಮೆರಿಕದ ಗ್ರೀನ್ ಡೇ ತಂಡದ ಗಾಯಕ, ಗಿಟಾರ್ ವಾದಕ ಬಿಲ್ಲಿ ಜೋ ಆರ್ಮ್‌ಸ್ಟ್ರಾಂಗ್ ಹಾಡುಗಳನ್ನು. ತಂಡದ 1994ರ ‘ಡೂಕಿ’ ಆಲ್ಬಮ್ ಪಂಕನ್ನು ಮನೆಮನೆಯ ರೇಡಿಯೊಗೆ ತಲುಪಿಸಿತು. ಬ್ಲಿಂಕ್-182ರಂಥ ತಂಡಗಳಿಗೆ ದಾರಿ ಸಲೀಸಾಯಿತು. ಗ್ರೀನ್ ಡೇಯ 2004ರ ಆಲ್ಬಮ್ ‘ಅಮೆರಿಕನ್ ಈಡಿಯಟ್’ 2010ರಲ್ಲಿ ಬ್ರಾಡ್‌ವೇ ನಾಟಕವೂ ಆಯಿತು.

ಬಿಲ್ಲಿ ಜೋ ಗಿಟಾರಿನ ಗುಟ್ಟಿರುವುದು ಕಾರ್ಡ್‌ಗಳ ಎಣಿಕೆಯಲ್ಲಲ್ಲ, ಬಲಗೈಯಲ್ಲಿ. ಹುಡುಗರು ಆಂಪ್ಲಿಫೈಯರಿನ ಗೇನ್ (ಸದ್ದನ್ನು ಒರಟಾಗಿಸುವ ಗುಂಡಿ) ಪೂರ್ತಿ ತಿರುಗಿಸಿ, ಒಂದು ಬೆರಳನ್ನು ಅಡ್ಡಲಾಗಿ ಒತ್ತಿ ಆರೂ ತಂತಿಯ ಬಾರ್ ಕಾರ್ಡ್ ಹಿಡಿಯುತ್ತಾರೆ; ಹಾಗೆ ಒರಟಾದ ಸದ್ದಿನಲ್ಲಿ (ಡಿಸ್ಟಾರ್ಷನ್) ಗಾಂಧಾರ ಸೇರಿದರೆ ಸ್ವರ ಕಲಸಿಹೋಗುತ್ತದೆ. ಷಡ್ಜ, ಪಂಚಮ, ಮೇಲಿನ ಷಡ್ಜ, ಈ ಮೂರು ತಂತಿ ಸಾಕು. ಗೇನ್ ಅರ್ಧಕ್ಕೆ ಇಳಿಸಿ, ಅಂಗೈ ಅಂಚನ್ನು ಬ್ರಿಡ್ಜ್ (ತಂತಿಗಳು ಕೂರುವ ಪಟ್ಟಿ) ಮೇಲೆ ಹಗುರವಾಗಿ ಊರಿ, ಎಲ್ಲವನ್ನೂ ಕೆಳಮುಖವಾಗಿಯೇ ಮೀಟಬೇಕು. ‘ಡೂಕಿ’ಯ ‘ಬಾಸ್ಕೆಟ್ ಕೇಸ್’ ಹಾಡಿನ ವೇಗ ನಿಮಿಷಕ್ಕೆ 170 ಬಡಿತದ ಆಸುಪಾಸು. 120ರಲ್ಲಿ ಆರಂಭಿಸಿ ಐದೈದೇ ಏರಿಸಿ. ಮಣಿಕಟ್ಟಿನ ಬದಲು ಮೊಣಕೈಯಿಂದ ಮೀಟಿದವರು ಎರಡನೇ ಚರಣಕ್ಕೇ ಸೋಲುತ್ತಾರೆ.

ಗ್ರೀನ್ ಡೇ ಹೆಚ್ಚಾಗಿ ಶ್ರುತಿಯನ್ನು ಅರ್ಧ ಸ್ವರ ಇಳಿಸಿಕೊಂಡು ನುಡಿಸುತ್ತದೆ. ಅದನ್ನು ಬಿಟ್ಟು ಮಾಮೂಲು ಶ್ರುತಿಯಲ್ಲಿ ಹಾಡಹೊರಟರೆ ಪಲ್ಲವಿಯಲ್ಲಿ ಗಂಟಲು ಒಡೆಯುತ್ತದೆ. ಇಳಿಸಿದಾಗ ತಂತಿ ಸಡಿಲವಾಗಿ ಕತ್ತಿನ ಲೋಹದ ಗೆರೆಗೆ (ಫ್ರೆಟ್) ತಾಗಿ ಝೇಂಕರಿಸಿದರೆ 10ರ ತಂತಿ ಸೆಟ್ ತೆಗೆದು ತುಸು ದಪ್ಪದ 11ರದ್ದು ಹಾಕಿ. ನಮ್ಮ ಮಳೆಗಾಲದಲ್ಲಿ ಮರ ಉಬ್ಬಿ, ಅಕೌಸ್ಟಿಕ್ ಗಿಟಾರಿನಲ್ಲಂತೂ ತಂತಿಗಳು ಮೇಲೇಳುತ್ತವೆ. ಕೂಡಲೇ ಟ್ರಸ್ ರಾಡ್ (ಕತ್ತಿನ ಬಾಗನ್ನು ಸರಿಪಡಿಸುವ ಕಂಬಿ) ತಿರುಗಿಸದೆ, ಮೊದಲು ಪೆಟ್ಟಿಗೆಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಇಟ್ಟು ಕೆಲವು ದಿನ ಕಾಯಿರಿ.

ಇನ್ನೊಂದು ಮಾತು. ಬಿಲ್ಲಿ ಜೋ ಸಂಗೀತಗಾರನಾಗಿ ಬೆಳೆದದ್ದು ಅಮೆರಿಕದ ಬರ್ಕ್ಲಿಯ 924 ಗಿಲ್ಮನ್ ಸ್ಟ್ರೀಟ್ ಎಂಬ ಸಂಗೀತ ಕೂಟದ ಜಾಗದಲ್ಲಿ. ಅಲ್ಲಿ ಮದ್ಯವಿಲ್ಲ, ಎಲ್ಲ ವಯಸ್ಸಿನವರಿಗೂ ಪ್ರವೇಶ, ನಡೆಸುವವರು ಸ್ವಯಂಸೇವಕರು. ದೊಡ್ಡ ಕಂಪನಿಗೆ ಸಹಿ ಹಾಕಿದ ತಂಡಕ್ಕೆ ವೇದಿಕೆ ಕೊಡುವುದಿಲ್ಲವೆಂಬ ಆಗಿನ ನಿಯಮದಂತೆ ಆತನ ತಂಡವನ್ನೇ ಹೊರಗಿಟ್ಟ ಜಾಗವದು. ಇಲ್ಲಿ ಹದಿನಾರರ ಹುಡುಗರಿಗೆ ಮದುವೆ ಮನೆ, ರೆಸಾರ್ಟ್ ಬಿಟ್ಟರೆ ನುಡಿಸಲು ಜಾಗವೆಲ್ಲಿ? ಪಟ್ಟಣದ ಯಾವುದಾದರೂ ಸಭಾಂಗಣವನ್ನು ತಿಂಗಳಿಗೊಂದು ಸಂಜೆ ಬಿಟ್ಟುಕೊಟ್ಟರಾಯಿತು. ಎರಡು ಸ್ಪೀಕರ್, ಎಂಟು ಚಾನೆಲ್ ಮಿಕ್ಸರ್, ಒಂದು ಡ್ರಮ್ ಸೆಟ್ ಸಾಕು.

– ಗಿಟಾರ್ ಶಿಕ್ಷಕರು, ಮಡಿಕೇರಿ