ಬ್ಲಾಗ್ ನಂಬಿ ನೌಕರಿ ಬಿಡುವ ಮುನ್ನ

ಮಾನ್ಯ ಸಂಪಾದಕರೆ,

ಕೆಲಸಕ್ಕೆ ರಾಜೀನಾಮೆ ಕೊಟ್ಟು ಬ್ಲಾಗ್ ಬರಹವನ್ನೇ ಜೀವನೋಪಾಯ ಮಾಡಿಕೊಂಡ ಯುವಕರ ಬಗ್ಗೆ ತಮ್ಮ ಪತ್ರಿಕೆಯ ಪುರವಣಿಯಲ್ಲಿ ಕಳೆದ ವಾರ ಬಂದ ಲೇಖನವನ್ನು ಓದಿದೆ. ಬರೆಯುವ ಹಂಬಲವುಳ್ಳವರನ್ನು ಹುರಿದುಂಬಿಸುವ ಅದರ ಉದ್ದೇಶ ಒಳ್ಳೆಯದೇ ಆದರೂ, ಅದರಲ್ಲಿ ಧೈರ್ಯದ ಮಾತುಗಳಿದ್ದವೇ ಹೊರತು ಆದಾಯದ ಲೆಕ್ಕ ಎಲ್ಲಿಯೂ ಇರಲಿಲ್ಲ. ಶಿರಸಿಯಲ್ಲಿ ಬ್ಯಾಂಕ್ ಉದ್ಯೋಗಿಯಾಗಿದ್ದುಕೊಂಡು, ಅಡಿಕೆ ಮತ್ತು ಕಾಳುಮೆಣಸಿನ ಬೇಸಾಯದ ಬಗ್ಗೆ ಹಲವು ವರ್ಷಗಳಿಂದ ಕನ್ನಡದಲ್ಲಿ ಬ್ಲಾಗ್ ಬರೆಯುತ್ತಿರುವವಳು ನಾನು. ಜಾಹೀರಾತಿನ ಆದಾಯವನ್ನು ನೆಚ್ಚಿ ಕನ್ನಡದಲ್ಲಿ ಬರೆಯಲು ನೌಕರಿ ಬಿಡುವುದು ಇಂದಿನ ಸ್ಥಿತಿಯಲ್ಲಿ ನಡೆಯುವ ಮಾತಲ್ಲ. ಒಳ್ಳೆಯದನ್ನೇ ಬರೆಯಬೇಕು ಎನ್ನುವವರಿಗಂತೂ ಖಂಡಿತ ಅಲ್ಲ ಎಂಬುದು ನನ್ನ ಅಭಿಪ್ರಾಯ.

ಬ್ಲಾಗಿಗರಲ್ಲಿ ಬಹುತೇಕರು ಮೊದಲು ಆಶ್ರಯಿಸುವುದು, ಬ್ಲಾಗಿನಲ್ಲಿ ಜಾಹೀರಾತು ತೋರಿಸಿ ಅದರ ಹಣದಲ್ಲಿ ಪಾಲು ಕೊಡುವ ಗೂಗಲ್ ಸಂಸ್ಥೆಯ ಆಡ್‌ಸೆನ್ಸ್ ಅನ್ನು. ಖಾತೆಯಲ್ಲಿ 10 ಡಾಲರ್ ಸೇರಿದಾಗ ವಿಳಾಸ ಖಚಿತಪಡಿಸಿಕೊಳ್ಳಲು ಒಂದು ಪಿನ್ ಸಂಖ್ಯೆ ಸಾದಾ ಅಂಚೆಯಲ್ಲಿ ಮನೆಗೆ ಬರುತ್ತದೆ. ಹಣ ಕೈಗೆ ಸಿಗುವುದು ಮೊತ್ತ 100 ಡಾಲರ್ ಮುಟ್ಟಿದ ಮೇಲೆಯೇ, ಅಲ್ಲಿಯವರೆಗೆ ಅದು ತಿಂಗಳಿಂದ ತಿಂಗಳಿಗೆ ಮುಂದಕ್ಕೆ ಹೋಗುತ್ತಿರುತ್ತದೆ. ನನ್ನ ಮನೆಗೆ ಆ ಪಿನ್ನಿನ ಲಕೋಟೆ ಬಂದದ್ದಕ್ಕೂ ಮೊದಲ ಹಣ ಜಮೆಯಾದದ್ದಕ್ಕೂ ನಡುವೆ ಒಂದಕ್ಕಿಂತ ಹೆಚ್ಚು ಅಡಿಕೆ ಕೊಯ್ಲಿನ ಹಂಗಾಮುಗಳು ಮುಗಿದಿದ್ದವು. ಸಂಬಳವಿದ್ದುದರಿಂದ ನನಗೆ ಅದು ಕಷ್ಟವಾಗಲಿಲ್ಲ. ಅದೇ ಹಣದಿಂದ ಮನೆ ಬಾಡಿಗೆ ಕಟ್ಟಬೇಕಾದವರ ಸ್ಥಿತಿ ಬೇರೆಯೇ ಆಗಿರುತ್ತದೆ.

ಒಂದು ಸರಳ ಗುಣಾಕಾರ ಮಾಡಿ ನೋಡೋಣ. ಸಾವಿರ ಪುಟವೀಕ್ಷಣೆಗೆ 50 ರೂಪಾಯಿ ಬರುತ್ತದೆ ಎಂದು ಹಿಡಿದರೆ, ತಿಂಗಳಿಗೆ 30,000 ರೂಪಾಯಿ ದುಡಿಯಲು 6 ಲಕ್ಷ ಪುಟವೀಕ್ಷಣೆ, ಅಂದರೆ ಹಬ್ಬ ಹರಿದಿನಗಳೂ ಸೇರಿ ಪ್ರತಿದಿನ 20,000 ಪುಟವೀಕ್ಷಣೆ ಬೇಕು. ದರ ಇದಕ್ಕಿಂತ ಹೆಚ್ಚೂ ಇರಬಹುದು, ಕಡಿಮೆಯೂ ಇರಬಹುದು. ಅದನ್ನು ನಿರ್ಧರಿಸುವವರು ಬರೆಯುವವರಲ್ಲ. 2011ರ ಜನಗಣತಿಯ ಪ್ರಕಾರ ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದವರು ಸುಮಾರು 4.37 ಕೋಟಿ. ಇಷ್ಟು ದೊಡ್ಡ ಭಾಷೆಗೆ ಓದುಗರ ಕೊರತೆಯೇ ಎಂದು ಕೆಲವರು ಕೇಳುತ್ತಾರೆ. ಓದುಗರು ಇದ್ದಾರೆ. ಆದರೆ ಜಾಹೀರಾತಿನ ಬೆಲೆ ನಿಂತಿರುವುದು ಓದುಗರ ಸಂಖ್ಯೆಯ ಮೇಲಷ್ಟೇ ಅಲ್ಲ, ಆ ಓದುಗರನ್ನು ತಲುಪಲು ಕಂಪನಿಗಳು ಎಷ್ಟು ಕೊಡಲು ಸಿದ್ಧವಿವೆ ಎಂಬುದರ ಮೇಲೆ. 2003ರಲ್ಲಿ ಆರಂಭವಾದ ಆಡ್‌ಸೆನ್ಸ್ ಹಿಂದಿ ಪುಟಗಳಲ್ಲಿ ಜಾಹೀರಾತು ಹಾಕಲು ಅವಕಾಶ ಕೊಟ್ಟದ್ದು 2014ರಲ್ಲಿ, ತಮಿಳು ಮತ್ತು ತೆಲುಗಿಗೆ ಕೊಟ್ಟದ್ದು 2018ರಲ್ಲಿ. ಕನ್ನಡದವರು ಅದಾದ ಮೇಲೂ ಕಾಯಬೇಕಾಯಿತು. ನಮ್ಮ ಭಾಷೆಯ ಓದುಗರಿಗೆ ಮಾರುಕಟ್ಟೆ ಯಾವ ಸ್ಥಾನ ಕೊಟ್ಟಿದೆ ಎಂಬುದು ಇದರಿಂದಲೇ ಗೊತ್ತಾಗುತ್ತದೆ.

ಇಂಥ ಚರ್ಚೆಗಳಲ್ಲಿ ಅಮಿತ್ ಅಗರ್‌ವಾಲ್ ಅವರ ಹೆಸರು ತಪ್ಪದೆ ಬರುತ್ತದೆ. ಐಐಟಿ ರೂರ್ಕಿಯಲ್ಲಿ ಓದಿ, 2004ರಲ್ಲಿ ಉದ್ಯೋಗ ಬಿಟ್ಟು, ಆಗ್ರಾದಲ್ಲಿ ಕುಳಿತು ತಂತ್ರಜ್ಞಾನದ ಬ್ಲಾಗ್ ಕಟ್ಟಿದ ಅವರನ್ನು ಭಾರತದ ಮೊದಲ ವೃತ್ತಿಪರ ಬ್ಲಾಗರ್ ಎಂದು ಕರೆಯುವ ವಾಡಿಕೆಯಿದೆ. ಅವರ ಸಾಧನೆಯ ಬಗ್ಗೆ ನನಗೆ ಗೌರವವಿದೆ. ಆದರೆ ಅವರು ಬರೆದದ್ದು ಇಂಗ್ಲಿಷಿನಲ್ಲಿ, ಜಗತ್ತಿನ ಎಲ್ಲ ಕಡೆಯ ಓದುಗರಿಗಾಗಿ, ಬ್ಲಾಗುಗಳು ಇನ್ನೂ ವಿರಳವಾಗಿದ್ದ ಕಾಲದಲ್ಲಿ. ಅವರೇ ಮುಂದೆ ಕಚೇರಿ ಕೆಲಸದ ತಂತ್ರಾಂಶಗಳ ಗುಚ್ಛವಾದ ಗೂಗಲ್ ವರ್ಕ್‌ಸ್ಪೇಸ್‌ಗೆ ಬೇಕಾದ ತಂತ್ರಾಂಶಗಳನ್ನು ರೂಪಿಸುವ ಕಡೆಗೆ ಹೊರಳಿದರು. 2024ರ ಆಗಸ್ಟ್‌ನಿಂದ ಭಾರತದಲ್ಲಿಯೂ ಗೂಗಲ್‌ನ ಇಂಗ್ಲಿಷ್ ಮತ್ತು ಹಿಂದಿ ಹುಡುಕಾಟದ ಫಲಿತಾಂಶಗಳ ನೆತ್ತಿಯ ಮೇಲೆ ಯಂತ್ರವೇ ಬರೆದ ಉತ್ತರ ಕಾಣಿಸತೊಡಗಿದೆ. ಉತ್ತರ ಅಲ್ಲಿಯೇ ಸಿಕ್ಕವರು ಕೆಳಗಿನ ಕೊಂಡಿಯನ್ನು ಒತ್ತುವ ಅಗತ್ಯವೇನಿದೆ? ಇಪ್ಪತ್ತು ವರ್ಷಗಳ ಹಿಂದಿನ ದಾರಿಯನ್ನು ಇಂದಿನವರಿಗೆ ತೋರಿಸುವುದು ನ್ಯಾಯವಲ್ಲ.

ನನಗೆ ಇದಕ್ಕಿಂತ ಹೆಚ್ಚು ಕಳವಳ ತಂದಿರುವುದು ಇನ್ನೊಂದು ಸಂಗತಿ. ಜಾಹೀರಾತಿನಿಂದಲೇ ಹೊಟ್ಟೆ ಹೊರೆಯಬೇಕಾದಾಗ ಬರಹ ಏನಾಗುತ್ತದೆ ಎಂಬುದನ್ನು ನಾನು ಕೌಂಟರಿನ ಈಚೆ ಕುಳಿತು ಕಾಣುತ್ತಿದ್ದೇನೆ. ಗೃಹಲಕ್ಷ್ಮಿ ಯೋಜನೆ 2023ರ ಆಗಸ್ಟ್‌ನಲ್ಲಿ ಜಾರಿಯಾದಂದಿನಿಂದ, ತಿಂಗಳ 2,000 ರೂಪಾಯಿ ಬಂದಿದೆಯೇ ಎಂದು ವಿಚಾರಿಸಲು ಹಳ್ಳಿಗಳಿಂದ ಹೆಣ್ಣುಮಕ್ಕಳು ಬರುತ್ತಲೇ ಇರುತ್ತಾರೆ. ಹಾಗೆ ಬಂದ ಒಬ್ಬರು, "ಮೇಡಂ, ಇವತ್ತೇ ಜಮಾ ಅಂತ ಬರ್ದಿದಾರೆ, ಪಾಸ್‌ಬುಕ್ ಎಂಟ್ರಿ ಮಾಡ್ಕೊಡಿ" ಎಂದು ಮೊಬೈಲ್ ಮುಂದೆ ಹಿಡಿದರು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದ ಕೊಂಡಿಯದು. ಶೀರ್ಷಿಕೆಯಲ್ಲಿ "ಇಂದೇ ಖಾತೆಗೆ ಹಣ, ಕೂಡಲೇ ಚೆಕ್ ಮಾಡಿ" ಎಂದಿತ್ತು. ಕೆಳಗೆ ಒಂದು ಜಾಹೀರಾತು, ಯೋಜನೆ ಯಾವಾಗ ಶುರುವಾಯಿತೆಂಬ ಹಳೆಯ ಮಾತು, ಮತ್ತೊಂದು ಜಾಹೀರಾತು, ಅರ್ಹತೆಯ ವಿವರ, "ಇಲ್ಲಿ ಕ್ಲಿಕ್ ಮಾಡಿ" ಎಂಬ ಹಸಿರು ಗುಂಡಿ. ಅದನ್ನು ಒತ್ತಿದರೆ ಅಂಥದೇ ಇನ್ನೊಂದು ಪುಟ. ಹಣ ಬಿಡುಗಡೆಯಾದ ದಿನಾಂಕ ಮಾತ್ರ ಎಲ್ಲಿಯೂ ಇರಲಿಲ್ಲ, ಅವರ ಖಾತೆಗೆ ಹಣವೂ ಬಂದಿರಲಿಲ್ಲ. ಬಸ್ ಪ್ರಯಾಣ ಉಚಿತವಿರಬಹುದು, ಆದರೆ ಅಂದಿನ ಕೂಲಿಯನ್ನು ಅವರು ಕಳೆದುಕೊಂಡಿದ್ದರು.

ಆ ಪುಟವನ್ನು ಬರೆದ ವ್ಯಕ್ತಿ ದುಷ್ಟನೆಂದು ನಾನು ಭಾವಿಸುವುದಿಲ್ಲ. ಬಹುಶಃ ಅವನೂ ಬರವಣಿಗೆಯ ಆಸೆಯಿಂದಲೇ ಈ ಕ್ಷೇತ್ರಕ್ಕೆ ಬಂದಿರಬಹುದು. ಆದರೆ ದಿನಕ್ಕೆ 20,000 ಪುಟವೀಕ್ಷಣೆ ಬೇಕೇ ಬೇಕು ಎನ್ನುವ ಸ್ಥಿತಿಯಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಯಾವಾಗ ಸಿಂಪಡಿಸಬೇಕೆಂದು ಶ್ರದ್ಧೆಯಿಂದ ಬರೆಯಲು ಯಾರಿಗೂ ಸಾಧ್ಯವಾಗುವುದಿಲ್ಲ. ಅದನ್ನು ಓದುವವರು ಮಳೆಗಾಲದ ಆಚೀಚೆ ಕೆಲವು ಸಾವಿರ ಮಂದಿ ಬೆಳೆಗಾರರು ಮಾತ್ರ. ಅವರಿಗೆ ಆ ಲೇಖನ ಬಹಳ ಮುಖ್ಯ. ಜಾಹೀರಾತಿನ ಲೆಕ್ಕದಲ್ಲಿ ಅದಕ್ಕೆ ಬೆಲೆಯೇ ಇಲ್ಲ.

ಅಂತರಜಾಲದಲ್ಲಿ ಕನ್ನಡ ಬೆಳೆದ ಬಗೆಯನ್ನೂ ಇಲ್ಲಿ ನೆನೆಯಬೇಕು. ಅಂತರಜಾಲದ ಮೊದಲ ಕನ್ನಡ ಪತ್ರಿಕೆ ಎನ್ನಲಾಗುವ ವಿಶ್ವಕನ್ನಡವನ್ನು ಯು.ಬಿ. ಪವನಜ ಅವರು 1996ರಲ್ಲಿ ಆರಂಭಿಸಿದಾಗ ಅವರು ಮುಂಬೈನ ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದರು; ಆಡ್‌ಸೆನ್ಸ್ ಹುಟ್ಟುವುದಕ್ಕೆ ಇನ್ನೂ ಏಳು ವರ್ಷಗಳಿದ್ದವು. ಹರಿಪ್ರಸಾದ್ ನಾಡಿಗ್ ಅವರು 2005ರಲ್ಲಿ ಆರಂಭಿಸಿದ ಸಂಪದ ಎಂಬ ಕನ್ನಡ ಜಾಲತಾಣದಲ್ಲಿ ಬರೆದವರಲ್ಲಿ ಎಷ್ಟೋ ಮಂದಿ ಬೇರೆ ಬೇರೆ ಉದ್ಯೋಗಗಳಲ್ಲಿದ್ದು, ಮನಸ್ಸಿಗೆ ಬಂದದ್ದನ್ನು, ಬೇಕಾದಷ್ಟು ಸಮಯ ತೆಗೆದುಕೊಂಡು ಬರೆದರು. ನೌಕರಿ ಅವರ ಬರಹಕ್ಕೆ ಅಡ್ಡಿಯಾಗಿರಲಿಲ್ಲ, ಆಸರೆಯಾಗಿತ್ತು.

ಕೆಲಸ ಬಿಡುವುದರಿಂದ ಕೈತಪ್ಪುವುದು ಸಂಬಳವೊಂದೇ ಅಲ್ಲ ಎಂಬುದನ್ನೂ ಯುವಕರಿಗೆ ಯಾರಾದರೂ ಹೇಳಬೇಕು. ಭವಿಷ್ಯ ನಿಧಿಗೆ ನೌಕರರು ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇ 12ರಷ್ಟನ್ನು ಕಟ್ಟಿದರೆ ಮಾಲೀಕರೂ ಅಷ್ಟೇ ಸೇರಿಸುತ್ತಾರೆ. ಅದರೊಡನೆ ಇರುವ ಪಿಂಚಣಿ ಯೋಜನೆಯಲ್ಲಿ ಮಾಸಿಕ ಪಿಂಚಣಿಗೆ ಅರ್ಹರಾಗಲು ಹತ್ತು ವರ್ಷಗಳ ಸೇವೆ ಬೇಕು. ಗೃಹಸಾಲಕ್ಕೆ ಬಂದಾಗ ಸಂಬಳದಾರರಿಗೆ ಸಂಬಳ ಚೀಟಿ ಮತ್ತು ಮಾಲೀಕರು ಕೊಡುವ ತೆರಿಗೆ ಕಡಿತದ ಪ್ರಮಾಣಪತ್ರ ಸಾಕಾಗುವಲ್ಲಿ ಸ್ವಂತ ಉದ್ಯೋಗದವರಿಂದ ನಾವು ಎರಡು ಮೂರು ವರ್ಷಗಳ ಆದಾಯ ತೆರಿಗೆ ವಿವರಪಟ್ಟಿ ಕೇಳುತ್ತೇವೆ. ಒಂದು ತಿಂಗಳು ಚೆನ್ನಾಗಿ ಬಂದು ಮುಂದಿನ ಮೂರು ತಿಂಗಳು ಬತ್ತುವ ಆದಾಯವನ್ನು ಕಂಡು ಸಾಲ ಮಂಜೂರು ಮಾಡುವುದು ಸುಲಭವಲ್ಲ.

ಬರಹದಿಂದಲೇ ಬದುಕುತ್ತೇವೆ ಎನ್ನುವವರಿಗೆ ದಾರಿಯೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಅನುವಾದ, ಪುಸ್ತಕ, ಕಂಪನಿಗಳಿಗೆ ಕನ್ನಡದಲ್ಲಿ ಬರೆದುಕೊಡುವ ಕೆಲಸ, ಚಂದಾ ಕಟ್ಟಿ ಓದುವ ಓದುಗರು ಎಂಬಿವನ್ನೆಲ್ಲ ಸೇರಿಸಿಕೊಂಡು ನಿಂತವರಿದ್ದಾರೆ. ಅಲ್ಲಿ ಬ್ಲಾಗ್ ಪರಿಚಯಪತ್ರದ ಕೆಲಸ ಮಾಡುತ್ತದೆ, ಸಂಪಾದನೆ ಬೇರೆ ಕಡೆಯಿಂದ ಬರುತ್ತದೆ. ಹಾಗೆಯೇ, ಬ್ಲಾಗಿನಿಂದ ಲಕ್ಷ ಗಳಿಸಿದೆವೆನ್ನುವ ಹಲವರ ಗಳಿಕೆಯಲ್ಲಿ ದೊಡ್ಡ ಪಾಲು "ಬ್ಲಾಗಿನಿಂದ ಗಳಿಸುವುದು ಹೇಗೆ" ಎಂಬ ಕೋರ್ಸ್ ಮಾರಿದ್ದರಿಂದ ಬಂದಿರುತ್ತದೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟು. ಇಂಥ ಪರಿಚಯ ಲೇಖನಗಳನ್ನು ಮುಂದೆ ಪ್ರಕಟಿಸುವಾಗ, ತಿಂಗಳ ಆದಾಯದಲ್ಲಿ ಜಾಹೀರಾತಿನದೆಷ್ಟು, ಕೋರ್ಸಿನದೆಷ್ಟು, ಮನೆಯಲ್ಲಿ ಸಂಬಳ ತರುವವರು ಬೇರೆ ಯಾರಾದರೂ ಇದ್ದಾರೆಯೇ, ಉಳಿತಾಯ ಎಷ್ಟು ತಿಂಗಳಿಗೆ ಸಾಕಾಗುವಷ್ಟಿತ್ತು ಎಂಬುದನ್ನು ವರದಿಗಾರರು ಕೇಳಿ ಬರೆಯಲಿ. ತಮ್ಮ ಜಾಲತಾಣದಲ್ಲಿ ಹೊರಗಿನವರ ಲೇಖನಗಳನ್ನು ಬಳಸಿಕೊಂಡಾಗ, ಮುದ್ರಿತ ಲೇಖನಕ್ಕೆ ಕೊಡುವಂತೆಯೇ ಅದಕ್ಕೂ ಸಂಭಾವನೆ ಕೊಡುವ ಕ್ರಮವನ್ನು ತಮ್ಮ ಪತ್ರಿಕೆ ಪಾಲಿಸಲಿ.

ಇತಿ,
ಒಬ್ಬ ಬ್ಯಾಂಕ್ ಉದ್ಯೋಗಿ
ಶಿರಸಿ, ಉತ್ತರ ಕನ್ನಡ