ಎಷ್ಟು ಒದ್ದೆಯಾಗುತ್ತೇವೆಂದು ಮೊದಲೇ ಹೇಳಿ

ಮಾನ್ಯ ಸಂಪಾದಕರೇ,

ಡಿಸೆಂಬರ್ ಹತ್ತಿರವಾಗುತ್ತಿದ್ದಂತೆ ಬೀದರ್ ಜಿಲ್ಲೆಯ ಶಾಲೆಗಳಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ಬೆಂಗಳೂರು ನಮಗೆ ಒಂದು ರಾತ್ರಿಯ ಪ್ರಯಾಣ. ಹೈದರಾಬಾದ್ ಸುಮಾರು 150 ಕಿ.ಮೀ. ದೂರದಲ್ಲಿದ್ದು, ನಸುಕಿನಲ್ಲಿ ಹೊರಟರೆ ರಾತ್ರಿ ಊಟದ ಹೊತ್ತಿಗೆ ಮಕ್ಕಳನ್ನು ಮನೆ ಮುಟ್ಟಿಸಬಹುದು. ಹೀಗಾಗಿ ಗೋಲ್ಕೊಂಡ, ಚಾರ್‌ಮಿನಾರ್, ಸಾಲಾರ್ ಜಂಗ್ ವಸ್ತುಸಂಗ್ರಹಾಲಯಗಳ ಜೊತೆಗೆ ಮನರಂಜನಾ ಉದ್ಯಾನಗಳ ನೀರಿನ ಸವಾರಿಗಳೂ ಈಗ ನಮ್ಮ ಪ್ರವಾಸದ ಪಟ್ಟಿಗೆ ಸೇರಿವೆ. ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ನಾನು ಮಕ್ಕಳೊಂದಿಗೆ ಇಂತಹ ಪ್ರವಾಸಗಳಿಗೆ ಹೋಗಿ ಬಂದವಳು. ಈ ಸವಾರಿಗಳಲ್ಲಿ ಒದ್ದೆಯಾಗದೆ ಇರಬೇಕಾದವರ ಬಗ್ಗೆ ಯಾರೂ ಯೋಚಿಸಿದಂತಿಲ್ಲ ಎಂಬುದು ನನ್ನನ್ನು ಒಂದು ವರ್ಷದಿಂದ ಕಾಡುತ್ತಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಕಳೆದ ಡಿಸೆಂಬರ್‌ನಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯರನ್ನು ಅಂತಹ ಒಂದು ಉದ್ಯಾನಕ್ಕೆ ಕರೆದುಕೊಂಡು ಹೋಗಿದ್ದೆವು. ಎತ್ತರದಿಂದ ಕೊಳಕ್ಕೆ ಜಾರಿ ಬೀಳುವ ದೋಣಿಯ ಸವಾರಿಯ ಮುಂದೆ ಒಂದು ಫಲಕವಿತ್ತು. ಅದರಲ್ಲಿ ‘ನೀವು ಒದ್ದೆಯಾಗಬಹುದು’ ಎಂಬರ್ಥದ ಇಂಗ್ಲಿಷ್ ವಾಕ್ಯವೊಂದನ್ನು ಬಿಟ್ಟರೆ ಬೇರೇನೂ ಇರಲಿಲ್ಲ. ನಮ್ಮ ವಿದ್ಯಾರ್ಥಿನಿಯೊಬ್ಬಳು ಶ್ರವಣ ಸಾಧನ ಹಾಕಿಕೊಳ್ಳುತ್ತಾಳೆ. ಅದನ್ನು ತೆಗೆದಿಡಬೇಕೇ ಎಂದು ಸರತಿಯ ಬಾಗಿಲಲ್ಲಿ ನಿಂತಿದ್ದ ಸಿಬ್ಬಂದಿಯನ್ನು ಕೇಳಿದಾಗ, ನಾಲ್ಕು ಹನಿ ಸಿಡಿಯುತ್ತವೆ ಅಷ್ಟೇ, ಏನೂ ಆಗುವುದಿಲ್ಲ ಎಂದರು. ನಾನು ಆ ಮಾತನ್ನು ನಂಬಿದೆ. ದೋಣಿ ಕೆಳಗೆ ಬಂದಾಗ ಮುಂದಿನಿಂದ ಎದ್ದ ನೀರು ಎರಡನೆಯ ಸಾಲಿನಲ್ಲಿದ್ದ ಅವಳ ತಲೆಯ ಮೇಲೆ ಬಿಂದಿಗೆ ಸುರಿದಂತೆ ಬಿತ್ತು. ಸಾಧನದ ಬ್ಯಾಟರಿ ಬಾಗಿಲನ್ನು ತೆರೆದು, ಒಣ ಕರವಸ್ತ್ರದಲ್ಲಿ ಸುತ್ತಿ, ನನ್ನ ಊಟದ ಡಬ್ಬಿಯೊಳಗೆ ಇಟ್ಟುಕೊಂಡೆ. ಬೀದರ್ ಮುಟ್ಟುವವರೆಗೆ ಗೆಳತಿಯರು ಹಾಡುತ್ತಿದ್ದ ಬಸ್ಸಿನಲ್ಲಿ ಆ ಹುಡುಗಿ ಏನೂ ಕೇಳಿಸದೆ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು. ಸಾಧನ ರಿಪೇರಿಯಾಗಿ ಬರುವವರೆಗೆ ಎಂಟು ದಿನ ಅವಳು ತರಗತಿಯಲ್ಲಿ ನನ್ನ ತುಟಿಗಳನ್ನು ನೋಡಿಯೇ ಪಾಠ ಅರ್ಥ ಮಾಡಿಕೊಳ್ಳಬೇಕಾಯಿತು.

ಸವಾರಿಯ ಸ್ವರೂಪವನ್ನು ಸ್ವಲ್ಪ ತಿಳಿದುಕೊಂಡರೆ ‘ನಾಲ್ಕು ಹನಿ’ ಎಂಬ ಮಾತು ಎಷ್ಟು ತಪ್ಪು ಎಂಬುದು ಗೊತ್ತಾಗುತ್ತದೆ. ಇಳಿಜಾರಿನಲ್ಲಿ ದೋಣಿಯನ್ನು ಕೊಳಕ್ಕೆ ಜಾರಿಸುವ ಆಟ ಅಮೆರಿಕದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲೇ ಇತ್ತು. ಕಾಡಿನ ದಿಮ್ಮಿಗಳನ್ನು ನೀರಿನ ದೋಣಿಗಾಲುವೆಯಲ್ಲಿ ಕೆಳಕ್ಕೆ ಸಾಗಿಸುವ ಪದ್ಧತಿಯನ್ನು ಅನುಸರಿಸಿದ ಈಗಿನ ಮಾದರಿಯ ಸವಾರಿ 1963ರಲ್ಲಿ ಟೆಕ್ಸಾಸ್‌ನ ಉದ್ಯಾನವೊಂದರಲ್ಲಿ ಆರಂಭವಾಯಿತು. ಘರ್ಷಣೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, 15 ಮೀಟರ್ ಎತ್ತರದಿಂದ ಜಾರಿದ ದೋಣಿ ಕೆಳಗೆ ಬರುವಾಗ ಗಂಟೆಗೆ ಸುಮಾರು 60 ಕಿ.ಮೀ. ವೇಗದಲ್ಲಿರುತ್ತದೆ, ಮತ್ತು ಆ ವೇಗವನ್ನು ತಡೆಯುವುದು ಬಹುಮಟ್ಟಿಗೆ ಕೊಳದ ನೀರೇ. ದೋಣಿ ಕಳೆದುಕೊಳ್ಳುವ ಶಕ್ತಿಯನ್ನು ನೀರು ತೆಗೆದುಕೊಂಡು ಮೇಲಕ್ಕೂ ಪಕ್ಕಕ್ಕೂ ಚಿಮ್ಮುತ್ತದೆ. ದೋಣಿಯ ಮೂತಿಯ ಆಕಾರ, ಕೊಳದ ಆಳ, ಒಳಗೆ ಕುಳಿತವರ ತೂಕ ಇವೆಲ್ಲ ಸೇರಿ ನೀರು ಎಲ್ಲಿ ಬೀಳಬೇಕೆಂದು ತೀರ್ಮಾನಿಸುತ್ತವೆ. ಭಾರ ಮುಂದಕ್ಕೆ ಬಿದ್ದರೆ ಮೂತಿ ಇನ್ನಷ್ಟು ಮುಳುಗಿ ಅಲೆ ದೊಡ್ಡದಾಗುತ್ತದೆ. ಕೆಲವು ದೋಣಿಗಳಲ್ಲಿ ಮುಂದಿನ ಸಾಲು ತೊಯ್ದರೆ, ಇನ್ನು ಕೆಲವದರಲ್ಲಿ ಅಲೆ ಕಮಾನಿನಂತೆ ಮೇಲೆದ್ದು ಮುಂದಿನವರನ್ನು ದಾಟಿ ಹಿಂದಿನವರ ಮೇಲೆ ಬೀಳುತ್ತದೆ. ಹಿಂದೆ ಕುಳಿತರೆ ಒದ್ದೆಯಾಗುವುದಿಲ್ಲ ಎಂದು ಮಕ್ಕಳು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಸೂತ್ರವನ್ನು ಎಲ್ಲ ಕಡೆಯೂ ನೆಚ್ಚಿಕೊಳ್ಳಲಾಗದು. ಇದು ಗೊತ್ತಿರುವುದು ಅದೇ ಸವಾರಿಯನ್ನು ದಿನಕ್ಕೆ ನೂರಾರು ಬಾರಿ ನೋಡುವ ಸಿಬ್ಬಂದಿಗೆ ಮಾತ್ರ.

ದುಂಡನೆಯ ತೆಪ್ಪದ ಸವಾರಿಯಲ್ಲಂತೂ ಈ ಊಹೆಗೂ ಅವಕಾಶವಿಲ್ಲ. 1980ರಲ್ಲಿ ಹ್ಯೂಸ್ಟನ್ ನಗರದಲ್ಲಿ ಮೊದಲು ಬಂದ ಈ ಸವಾರಿಯ ತೆಪ್ಪವನ್ನು ನೋಡಿದಾಗ ನನಗೆ ಕೃಷ್ಣಾ ನದಿಯ ಹರಿಗೋಲು ನೆನಪಾಗುತ್ತದೆ. ಹರಿಗೋಲಿನಲ್ಲಿ ಅಂಬಿಗನಿರುತ್ತಾನೆ, ಹುಟ್ಟು ಹಾಕಿ ಅದರ ಸುತ್ತಾಟವನ್ನು ಹಿಡಿತದಲ್ಲಿ ಇಡುತ್ತಾನೆ, ಬಟ್ಟೆಯ ಅಂಚೂ ನೆನೆಯದಂತೆ ಆಚೆ ದಡ ಸೇರಿಸುತ್ತಾನೆ. ಈ ತೆಪ್ಪಕ್ಕೆ ಅಂಬಿಗನಿಲ್ಲ. ಪ್ರವಾಹವೂ ಬದಿಯ ತಡೆಗೋಡೆಗಳೂ ಅದನ್ನು ತಮಗೆ ಬೇಕಾದಂತೆ ತಿರುಗಿಸುತ್ತವೆ, ಮತ್ತು ಕೃತಕ ಜಲಪಾತದ ಕೆಳಗೆ ಬರುವ ಹೊತ್ತಿಗೆ ಯಾರ ಬೆನ್ನು ಆ ಕಡೆಗಿರುತ್ತದೆಯೋ ಅವರು ಪೂರ್ತಿ ತೊಯ್ದುಹೋಗುತ್ತಾರೆ. ಎದುರಿಗೆ ಕುಳಿತವರು ಹೆಚ್ಚುಕಡಿಮೆ ಒಣಗಿಯೇ ಇಳಿಯಬಹುದು. ಹತ್ತುವಾಗ ಯಾವ ಆಸನ ಆರಿಸಿಕೊಂಡರೂ ಅದರಿಂದ ಹೆಚ್ಚು ಪ್ರಯೋಜನವಿಲ್ಲ.

ಒದ್ದೆಯಾಗದಿರಲು ಜನ ಮಾಡುವ ಉಪಾಯಗಳನ್ನೂ ನಾನು ಹತ್ತಿರದಿಂದ ನೋಡಿದ್ದೇನೆ. ದ್ವಾರದ ಬಳಿ ಮಾರುವ ತೆಳು ಪ್ಲಾಸ್ಟಿಕ್ಕಿನ ರೇನ್‌ಕೋಟ್ ಮೇಲಿನಿಂದ ಬೀಳುವ ನೀರಿಗೆ ಸಾಕಾಗಬಹುದು. ಎದುರಿನಿಂದ ರಭಸವಾಗಿ ಬರುವ ನೀರು ಕುತ್ತಿಗೆಯ ಸಂದಿನಿಂದಲೂ ತೋಳಿನಿಂದಲೂ ಒಳಗೆ ನುಗ್ಗುತ್ತದೆ. ಅದಕ್ಕೂ ಮೊದಲೇ, ಹಿಂದಿನ ಸರದಿಯವರು ಬಿಟ್ಟುಹೋದ ನೀರು ಆಸನದ ತಗ್ಗಿನಲ್ಲಿ ನಿಂತಿರುವುದರಿಂದ, ಕುಳಿತ ಕ್ಷಣದಲ್ಲೇ ಬಟ್ಟೆ ನೆನೆದಿರುತ್ತದೆ. ನಮ್ಮ ಇನ್ನೊಬ್ಬ ವಿದ್ಯಾರ್ಥಿನಿ ರೇನ್‌ಕೋಟಿನ ಕುತ್ತಿಗೆಯನ್ನು ಎರಡೂ ಕೈಗಳಿಂದ ಬಿಗಿಯಾಗಿ ಹಿಡಿದುಕೊಂಡು ಕುಳಿತಿದ್ದಳು, ಅಂದರೆ ಎದುರಿನ ಹಿಡಿಕೆಯನ್ನು ಅವಳು ಹಿಡಿದಿರಲೇ ಇಲ್ಲ. ಬೂಟು ನೆನೆಯಬಾರದೆಂದು ಕಾಲುಗಳನ್ನು ಮೇಲೆತ್ತಿ ಆಸನದ ಮೇಲೆ ಇಟ್ಟುಕೊಳ್ಳುವವರನ್ನೂ, ಅಲೆ ತಪ್ಪಿಸಲು ಒಂದು ಬದಿಗೆ ವಾಲುವವರನ್ನೂ ನೋಡಿ ನನ್ನ ಎದೆ ಝಲ್ಲೆಂದಿತ್ತು. ದೋಣಿ ನೀರಿಗೆ ಬಡಿದು ವೇಗ ಇಳಿಯುವ ಆ ಕ್ಷಣದಲ್ಲಿ ಮೈ ಮುಂದಕ್ಕೆ ನೂಕಲ್ಪಡುತ್ತದೆ. ಕಾಲು ನೆಲದ ಮೇಲೆ, ಕೈ ಹಿಡಿಕೆಯ ಮೇಲೆ ಇರಲೇಬೇಕು. ಬಟ್ಟೆ ಒಣಗಿರಲಿ ಎಂದು ಯಾರೂ ಹಿಡಿಕೆ ಬಿಡಬಾರದೆಂದು ಪಾಲಕರೂ ಶಿಕ್ಷಕರೂ ಮಕ್ಕಳಿಗೆ ಮೊದಲೇ ಹೇಳಿರಬೇಕು. ವೇಲ್ ಮತ್ತು ಸೀರೆಯ ಸೆರಗನ್ನು ಪಿನ್ ಹಾಕಿ ಬಿಗಿದುಕೊಳ್ಳದೆ ಯಾರನ್ನೂ ಹತ್ತಿಸಬಾರದು.

ಒದ್ದೆಯಾಗುವುದೇ ಈ ಆಟದ ಮಜಾ, ಬೇಡವಾದವರು ಹತ್ತದಿದ್ದರಾಯಿತು ಎಂದು ಕೆಲವರು ಹೇಳುತ್ತಾರೆ. ಮೇ ತಿಂಗಳಲ್ಲಿ ಕಲಬುರಗಿ, ಯಾದಗಿರಿ ಕಡೆಯಿಂದ ಸುಡುಬಿಸಿಲಿನಲ್ಲಿ ಬಂದವರಿಗೆ ಆ ನೀರು ಅಮೃತವೆನಿಸುವುದು ನನಗೂ ಗೊತ್ತು. ಆದರೆ ಶಾಲೆಗಳು ಪ್ರವಾಸ ಹೊರಡುವುದು ಚಳಿಗಾಲದಲ್ಲಿ, ಮತ್ತು ರಾಜ್ಯದಲ್ಲಿ ಹೆಚ್ಚು ಚಳಿ ಬೀಳುವ ಊರುಗಳಲ್ಲಿ ಬೀದರ್ ಒಂದು. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,400 ಜೂಲ್ ಶಾಖ ಬೇಕು. ಹತ್ತಿಯ ಚೂಡಿದಾರ ಹಿಡಿದಿಟ್ಟುಕೊಂಡ ನೀರು ಆ ಶಾಖದ ದೊಡ್ಡ ಪಾಲನ್ನು ಮಗುವಿನ ಮೈಯಿಂದಲೇ ಎಳೆದುಕೊಳ್ಳುತ್ತದೆ. ಸಂಜೆ ಹೊರಟ ನಮ್ಮ ಬಸ್ಸಿನಲ್ಲಿ ಚಾಲಕರು ಎಂಜಿನ್ ಬಾನೆಟ್ ಮೇಲೆ ಮಕ್ಕಳ ಬೂಟುಗಳನ್ನು ಸಾಲಾಗಿ ಇಟ್ಟು ಒಣಗಿಸಿದರು. ಅವರ ಆ ಅಂತಃಕರಣವನ್ನು ನಾನು ಮರೆಯುವುದಿಲ್ಲ. ಆ ಮಕ್ಕಳಲ್ಲಿ ಹೆಚ್ಚಿನವರಿಗೆ ಸೋಮವಾರ ಶಾಲೆಗೆ ಹಾಕಿಕೊಳ್ಳಲು ಇದ್ದದ್ದು ಅದೊಂದೇ ಜೊತೆ.

ಇನ್ನು ಹತ್ತದಿರುವ ಆಯ್ಕೆಯ ವಿಷಯ. ಮುಟ್ಟಿನ ದಿನಗಳಲ್ಲಿದ್ದ ಇಬ್ಬರು ಹುಡುಗಿಯರು ತಾವು ಕೆಳಗೇ ಇರುತ್ತೇವೆ ಎಂದಿದ್ದರು. ಏಕೆ, ಹೆದರಿಕೆಯೇ ಎಂದು ಗೆಳತಿಯರು ಎಲ್ಲರೆದುರು ಕೇಳಿದಾಗ ಕಾರಣ ಹೇಳಲಾಗದೆ ಸರತಿಯಲ್ಲಿ ಸೇರಿಕೊಂಡರು. ಅಲ್ಲಿ ಕಡಿಮೆ ನೀರು ಸಿಡಿಯುವ ಇನ್ನೊಂದು ಸವಾರಿಯಿದೆ ಎಂಬುದು ನಮಗೆ ಮೊದಲೇ ಗೊತ್ತಿದ್ದರೆ ಅವರನ್ನು ಯಾವ ಸದ್ದುಗದ್ದಲವಿಲ್ಲದೆ ಅತ್ತ ಕರೆದೊಯ್ಯಬಹುದಿತ್ತು. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡವರು, ಹೊಲಿಗೆ ಹಾಕಿದ ಗಾಯವಿರುವವರು, ಇನ್ಸುಲಿನ್ ಪಂಪ್ ಧರಿಸಿದವರು, ಮೊಮ್ಮಕ್ಕಳೊಂದಿಗೆ ಬಂದ ಹಿರಿಯರು ಇವರೆಲ್ಲರಿಗೂ ಬೇಕಾಗಿರುವುದು ಅಂತಹ ಮಾಹಿತಿಯೇ.

ನಮ್ಮ ಊರಿನ ಝರಣಿ ನರಸಿಂಹ ಗುಹಾ ದೇವಾಲಯಕ್ಕೆ ಬಂದವರಿಗೆ ನಾನು ಹೇಳುವುದು ಅರ್ಥವಾಗುತ್ತದೆ. ಅಲ್ಲಿ ದೇವರ ದರ್ಶನಕ್ಕೆ ಸುರಂಗದೊಳಗೆ ಸುಮಾರು 300 ಮೀಟರ್ ನೀರಿನಲ್ಲಿ ನಡೆಯಬೇಕು; ನೀರು ಸೊಂಟದಿಂದ ಎದೆಯವರೆಗೂ ಬರುತ್ತದೆ. ಅದು ಸುತ್ತಲಿನ ಊರುಗಳಿಗೆಲ್ಲ ಗೊತ್ತಿರುವ ಸಂಗತಿಯಾದ್ದರಿಂದ ಜನ ಒಣ ಬಟ್ಟೆಯ ಗಂಟನ್ನು ಹೊರಗೆ ಒಬ್ಬರ ಕೈಗೆ ಕೊಟ್ಟು ಒಳಗೆ ಹೋಗುತ್ತಾರೆ, ಸಣ್ಣ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಳ್ಳುತ್ತಾರೆ, ಆಗದವರು ಹೊರಗಿನಿಂದಲೇ ಕೈ ಮುಗಿಯುತ್ತಾರೆ. ಹೊರಗೆ ಉಳಿದವರನ್ನು ಅಲ್ಲಿ ಯಾರೂ ಹೆದರುಪುಕ್ಕಲರೆಂದು ಕರೆದದ್ದನ್ನು ನಾನು ಕೇಳಿಲ್ಲ.

ಆದ್ದರಿಂದ ಉದ್ಯಾನಗಳ ಆಡಳಿತದವರಲ್ಲಿ ನನ್ನ ಬೇಡಿಕೆ ಇಷ್ಟೇ. ಸರತಿ ಶುರುವಾಗುವ ಜಾಗದಲ್ಲಿಯೇ, ಮರಳಿ ಬರಲು ದಾರಿ ಇರುವಾಗಲೇ, ಆ ಸವಾರಿಯಲ್ಲಿ ಎಷ್ಟು ಒದ್ದೆಯಾಗುತ್ತದೆ ಎಂಬುದನ್ನು ಚಿತ್ರದಲ್ಲಿ ತೋರಿಸಿ: ಪಾದ ಮಾತ್ರವೋ, ಸೊಂಟದವರೆಗೋ, ತಲೆಯಿಂದ ಕಾಲಿನವರೆಗೋ. ಚಿತ್ರಕ್ಕೆ ಭಾಷೆಯ ಹಂಗಿಲ್ಲ. ಕನ್ನಡ, ತೆಲುಗು, ಉರ್ದು, ಮರಾಠಿ ಮಾತನಾಡುವ ಮಕ್ಕಳು ಒಂದೇ ಬಸ್ಸಿನಲ್ಲಿ ಬರುವ ನಮ್ಮ ಗಡಿ ಜಿಲ್ಲೆಗೆ ಅದು ಹೆಚ್ಚು ಉಪಯುಕ್ತ. ಶ್ರವಣ ಸಾಧನ, ಕನ್ನಡಕ, ಮೊಬೈಲ್ ಇಡಲು ಹತ್ತುವ ಕಟ್ಟೆಯ ಪಕ್ಕದಲ್ಲೇ ಬೀಗವಿರುವ ಪೆಟ್ಟಿಗೆ ಇರಲಿ, ಅದಕ್ಕೆ ಬೇರೆ ದುಡ್ಡು ಕೇಳಬೇಡಿ. ಸಾಧನ ತೆಗೆದಿಟ್ಟ ಮಗುವಿಗೆ ಸುರಕ್ಷತೆಯ ಸೂಚನೆಗಳು ಕೇಳಿಸುವುದಿಲ್ಲವಾದ್ದರಿಂದ ಸಿಬ್ಬಂದಿ ಅವುಗಳನ್ನು ಕೈಸನ್ನೆಯಲ್ಲೂ ತೋರಿಸಲು ಕಲಿತಿರಬೇಕು. ನೀರು ಸಿಡಿಯುವ ಕಡೆ ಕಟ್ಟಿರುವ ಸೇತುವೆಗಳ ಮೇಲೆ, ಸವಾರಿಯೇ ಬೇಡವೆಂದು ನಿಂತು ನೋಡುವವರೂ ತೊಯ್ದುಹೋಗುತ್ತಾರೆ. ಅಲ್ಲಿ ಅಲೆ ಎಲ್ಲಿಯವರೆಗೆ ಬರುತ್ತದೆ ಎಂಬುದಕ್ಕೆ ನೆಲದ ಮೇಲೆ ಒಂದು ಬಣ್ಣದ ಗೆರೆ ಎಳೆದರೂ ಸಾಕು.

ಸಹ ಶಿಕ್ಷಕರಲ್ಲಿಯೂ ಒಂದು ವಿನಂತಿಯಿದೆ. ನೀರಿನ ಸವಾರಿಗಳನ್ನು ಮಧ್ಯಾಹ್ನ ಎರಡರೊಳಗೆ, ಬಿಸಿಲಿರುವಾಗಲೇ ಮುಗಿಸಿ. ಮಕ್ಕಳಿಗೆ ಬೇಗ ಒಣಗುವ ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆಯನ್ನೂ, ಬೂಟಿನ ಬದಲು ಪಟ್ಟಿಯಿರುವ ಚಪ್ಪಲಿಯನ್ನೂ ಹಾಕಿಕೊಂಡು ಬರಲು ಹೇಳಿ. ಇನ್ನೊಂದು ಜೊತೆ ಬಟ್ಟೆ ಬಸ್ಸಿನಲ್ಲೇ ಇರಲಿ. ಯಾರಾದರೂ ಬೇಡವೆಂದರೆ ಕಾರಣ ಕೇಳದೆ ಒಬ್ಬ ಶಿಕ್ಷಕಿ ಅವರ ಜೊತೆ ಉಳಿಯುವ ವ್ಯವಸ್ಥೆಯನ್ನು ಹೊರಡುವ ಮೊದಲೇ ಮಾಡಿಕೊಳ್ಳಿ. ಕಳೆದ ವರ್ಷ ನಾನು ಇದನ್ನು ಮಾಡಿರಲಿಲ್ಲ.

ಈ ಸಲದ ಪ್ರವಾಸಕ್ಕೂ ಆ ಹುಡುಗಿ ಹೆಸರು ಕೊಟ್ಟಿದ್ದಾಳೆ. ಯಾವ ದೋಣಿಯಲ್ಲಿ ಸಾಧನ ಹಾಕಿಕೊಂಡೇ ಕೂರಬಹುದು, ಗೆಳತಿಯರು ಕೂಗುವುದನ್ನು ಕೇಳಬೇಕು ಎಂದು ಕಳೆದ ವಾರ ನನ್ನನ್ನು ಕೇಳಿದಳು. ಅದೇ ಪ್ರಶ್ನೆಯನ್ನು ಉದ್ಯಾನದವರಿಗೆ ಅಂಚೆಯಲ್ಲಿ ಬರೆದು ಕಳುಹಿಸಿದ್ದೇನೆ. ಉತ್ತರ ಬಂದ ದಿನ ಅವಳಿಗೆ ತಿಳಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಪ್ರೌಢಶಾಲಾ ಶಿಕ್ಷಕಿ, ಬೀದರ್